ಮೂರು ತಿಂಗಳಿಗೆ ಅರ್ಧ ಇಂಚು

ಟೇಲರ್ ಮಾಸ್ತರ ಬಲಗೈ ಹೆಬ್ಬೆರಳಿನ ಉಗುರು ಕೋಣದ ಕೊಂಬಿನ ಹಾಗೆ ದಪ್ಪವಾಗಿ, ಹಳದಿಗಟ್ಟಿ, ತುದಿಯಲ್ಲಿ ಒಂದು ಕಡೆಗೆ ಸವೆದಿತ್ತು. ಇಸ್ತ್ರಿ ಹಾಕುವ ಮೊದಲು ಹೊಲಿಗೆಯ ಮೇಲೆ ಆ ಉಗುರಿನಿಂದ ಒಮ್ಮೆ ಗೀರುತ್ತಿದ್ದರು. ಟರ್ರ್ ಅಂತ ಸದ್ದು. ಆ ಸದ್ದು ಕೇಳಿದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಯಾಕೆಂದರೆ ಅದಾದ ಮೇಲೆ ಅವರು ಕನ್ನಡಕ ಮೇಲೆತ್ತಿ, "ಹೂಂ, ಏನ್ ತಂಗೆವ್ವ, ಮತ್ತ ಬಿಡಿಸೂದೇನು?" ಅನ್ನುತ್ತಿದ್ದರು.

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ನಮ್ಮ ಸೆಕ್ಟರಿನ ಸಾಲುಮನೆಯೊಂದರ ಮೆಟ್ಟಿಲಿನ ಕೆಳಗೆ ಅವರ ಅಂಗಡಿ. ಒಂದು ಕಾಲ್ಮೆಷಿನು, ಒಂದು ಸ್ಟೂಲು, ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ ಕತ್ತರಿ, ಅಷ್ಟೇ. ಮುಂಬಯಿ ಕಡೆ ಟೇಲರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ನಾವು ಕನ್ನಡದವರು ಮಾಸ್ತರು ಅಂದೆವು. ಅವರು ವಿಜಾಪುರದ ಕಡೆಯವರು, ನಾನು ಉಡುಪಿಯವಳು. ಮೊದಮೊದಲು ಅವರ ಮಾತು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ನನ್ನ ಮಾತು ಕೇಳಿ ಅವರು, "ಪುಸ್ತಕ ಓದಿದಂಗ ಮಾತಾಡ್ತಿ ನೋಡು" ಅಂತ ನಗುತ್ತಿದ್ದರು. ದಿನಾ ದಿವಾ ಎಂಬ ಊರಿನಿಂದ ಲೋಕಲ್ ಗಾಡಿಯಲ್ಲಿ ಬರುತ್ತಿದ್ದರು. ಠಾಣೆಯಲ್ಲಿ ಗಾಡಿ ಬದಲಿಸಿ, ನಮ್ಮ ಸ್ಟೇಷನ್ನಿನಲ್ಲಿ ಇಳಿದು, ಶೇರ್ ರಿಕ್ಷಾದವರು ಎಷ್ಟು ಕೂಗಿದರೂ ಹತ್ತದೆ, ಟಿಫಿನ್ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಬರುತ್ತಿದ್ದರು.

ಅಂಥ ಅಂಗಡಿಗಳಲ್ಲಿ ಗಂಡಸರು ಹೆಂಗಸರಿಗೆ ಟೇಪು ಹಿಡಿಯುವ ಪದ್ಧತಿ ಇಲ್ಲ. ಸರಿಯಾಗಿ ಹಿಡಿಸುವ ಹಳೆಯ ರವಿಕೆಯೊಂದನ್ನು ಅಳತೆಗೆ ಕೊಡಬೇಕು, ಅದನ್ನು ನೋಡಿ ಹೊಸದನ್ನು ಹೊಲಿಯುತ್ತಾರೆ. ನಾನೊಬ್ಬಳು ಮಹಾ ಜಾಣೆ. ಪ್ರತಿಸಲವೂ ಮದುವೆಯ ವರ್ಷದ ರವಿಕೆಯನ್ನೇ ಅಳತೆಗೆ ಕೊಡುತ್ತಿದ್ದೆ! ಅದನ್ನು ಕೊಟ್ಟರೆ ನಾನು ಇನ್ನೂ ಅಷ್ಟೇ ಇದ್ದೇನೆ ಅಂತ ಲೆಕ್ಕ. ಮಾಸ್ತರು ಅದೇ ಅಳತೆಗೆ ಹೊಲಿದು, ಒಳಗೆ ಮಾತ್ರ ಎರಡು ಪಟ್ಟು ಮಾರ್ಜಿನ್ ಬಿಡುತ್ತಿದ್ದರು. ವಾರದೊಳಗೆ ನಾನು ಹೊಲಿಗೆ ಬಿಡಿಸಿ ಸಡಿಲ ಮಾಡಿಸಿಕೊಳ್ಳಲು ಬರುತ್ತೇನೆಂದು ಅವರಿಗೆ ಗೊತ್ತಿತ್ತು. ಮಾರ್ಜಿನ್ ಅಂದರೆ ಹೊಲಿಗೆಯ ಒಳಬದಿಯಲ್ಲಿ ಉಳಿಸುವ ಬಟ್ಟೆ. ನನ್ನ ಮಾನ ಇದ್ದದ್ದು ಆ ಮಾರ್ಜಿನ್ನಿನಲ್ಲಿ.

ದಪ್ಪಗಾಗದೆ ಇನ್ನೇನಾದೀತು ಹೇಳಿ. ನನ್ನವರು ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬರುವಾಗ ಕೈಯಲ್ಲಿ ಪಾರ್ಸೆಲ್ ಇಲ್ಲದ ದಿನವಿಲ್ಲ. ಗೋಳಿಬಜೆ, ಬನ್ಸು, ಉಳಿದ ಶೀರಾ. ಅವರು ಇಡೀ ದಿನ ಅದನ್ನೇ ನೋಡಿ ನೋಡಿ ಸಾಕಾಗಿ ಮನೆಗೆ ಬಂದು ಗಂಜಿ ಕೇಳುತ್ತಾರೆ. ಮಗಳು ಎರಡು ಚೂರು ಕಚ್ಚಿ ಬಿಡುತ್ತಾಳೆ. ಅನ್ನ ಬಿಸಾಡಬಾರದು ಅಂತ ಕಲಿತು ಬಂದವಳು ನಾನು. ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲರ ತಟ್ಟೆಯದ್ದನ್ನೂ ಮುಗಿಸಿ, "ನಾನು ತಿನ್ನುವುದೇ ಇಲ್ಲ ಮಾರಾಯ್ರೆ, ಆದರೂ ಊದಿಕೊಳ್ತೇನೆ" ಅಂತ ಪಕ್ಕದ ಮನೆಯವರಲ್ಲಿ ಹೇಳುತ್ತಿದ್ದೆ. ಸುಳ್ಳು ಅಂತ ನನಗೆ ಅನಿಸುತ್ತಲೂ ಇರಲಿಲ್ಲ.

ಆದರೆ ಒಳಗೊಳಗೆ ಹೆದರಿಕೆ ಇತ್ತು. ನನ್ನ ಅಮ್ಮ ಸಕ್ಕರೆ ಕಾಯಿಲೆಯಲ್ಲಿ ಹೋದವಳು. ಮೊದಲು ಕಾಲ್ಬೆರಳು, ಆಮೇಲೆ ಪಾದ, ಕೊನೆಗೆ ಅವಳೇ. ಆಗ ಅವಳಿಗೆ ಐವತ್ಮೂರು. ನನಗೆ ಮೂವತ್ತೆಂಟು ತುಂಬಿದಾಗಿನಿಂದ ಆ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತ್ತು. ಮಗಳ ವಯಸ್ಸಿಗೆ ಹದಿನೈದು ಕೂಡಿಸಿ ನೋಡುತ್ತಿದ್ದೆ, ಅವಳ ಓದಾದರೂ ಮುಗಿದಿರುತ್ತದೋ ಇಲ್ಲವೋ ಅಂತ. ಸ್ನಾನಕ್ಕೆ ಹೋದಾಗ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದೆ. ಠಾಣೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ದೀಪ ಮಿನುಗುವ ತೂಕದ ಮೆಷಿನು ಇರುತ್ತದಲ್ಲ, ಒಂದು ದಿನ ಯಾರೂ ಪರಿಚಯದವರಿಲ್ಲ ಅಂತ ನೋಡಿ ಅದರ ಮೇಲೆ ನಿಂತೆ. ಚೀಟಿ ಬಂತು. ಎಂಬತ್ತನಾಲ್ಕು ಕಿಲೋ. ಹಿಂದುಗಡೆ ಭವಿಷ್ಯ: ನಿಮಗೆ ವಿದೇಶ ಪ್ರಯಾಣದ ಯೋಗವಿದೆ. ಅಲ್ಲೇ ಹರಿದು ಹಾಕಿದೆ.

ಅದೇ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ನಾದಿನಿಯ ಮಗಳ ಮದುವೆ ಬಂತು. ಹಸಿರು ರೇಷ್ಮೆ ಸೀರೆಯ ರವಿಕೆ ತೋಳು ದಾಟಲಿಲ್ಲ. ಅದು ಅಮ್ಮ ಕೊಡಿಸಿದ ಕೊನೆಯ ಸೀರೆ, ಮಗಳ ನಾಮಕರಣಕ್ಕೆ ಕೊಟ್ಟದ್ದು. ಮಾಸ್ತರ ಹತ್ತಿರ ಓಡಿದೆ.

"ಒಂಚೂರು ಬಿಡಿಸಿ ಕೊಡಿ ಮಾಸ್ತರೆ, ಬರುವ ವಾರ ಮದುವೆ ಉಂಟು."

ಅವರು ರವಿಕೆಯ ಒಳಬದಿಯನ್ನು ಹೊರಗೆ ಮಾಡಿ, ಬೆಳಕಿಗೆ ಹಿಡಿದು, ನನ್ನನ್ನು ಹತ್ತಿರ ಕರೆದರು. ಹಳೆಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ಸಣ್ಣ ತೂತುಗಳ ಸಾಲು. ಒಂದಲ್ಲ, ಮೂರು ಸಾಲು. ಆ ದಪ್ಪ ಉಗುರನ್ನು ಒಂದೊಂದರ ಮೇಲೂ ಇಟ್ಟು ಹೇಳಿದರು.

"ಇದು ಮೊದಲ ಹೊಲಿಗಿ. ಇದು ಮಗಳು ಸಾಲಿಗಿ ಹೋದ ವರ್ಷ ಬಿಡಿಸಿದ್ದು. ಇದು ಹೋದ ದೀಪಾವಳಿಗೆ. ಈಗ ಹೊಲಿಗಿ ಬಟ್ಟಿ ಅಂಚಿಗೆ ಬಂದೈತಿ. ಇನ್ನ ಏನ್ ಬಿಡಿಸಲಿ? ಬಟ್ಟಿ ಮುಗೀತು ತಂಗೆವ್ವ. ಡಾಕ್ಟರ್‌ಗೆ ತೋರಿಸು."

ಕಂಕುಳಿನಲ್ಲಿ ಬೇರೆ ಬಟ್ಟೆ ಸೇರಿಸಿ ಹೇಗೋ ಆ ಮದುವೆ ದಾಟಿಸಿಕೊಟ್ಟರು. ಮದುವೆ ಊಟದಲ್ಲಿ ಸೆರಗು ಹೊದ್ದುಕೊಂಡೇ ಕೂತಿದ್ದೆ, ಸೆಕೆಯಲ್ಲಿ ಬೆಂದು ಹೋದೆ. ಮರುದಿನ ಕ್ಲಿನಿಕ್ಕಿಗೆ ಹೋದೆ. ಸಕ್ಕರೆ ಬಾರ್ಡರಿನಲ್ಲಿದೆ, ತೂಕ ಇಳಿಸಿ, ಇಲ್ಲವಾದರೆ ಮಾತ್ರೆ ಶುರು ಅಂದರು ಡಾಕ್ಟರು. ನನಗೆ ಬಾರ್ಡರ್ ಅಂತ ಕೇಳಿಸಲೇ ಇಲ್ಲ, ಅಮ್ಮನ ಪಾದದ ಬ್ಯಾಂಡೇಜಿನ ವಾಸನೆ ಮಾತ್ರ ಬಂತು.

ಹೆದರಿದವರು ಮಾಡುವ ಕೆಲಸವನ್ನೇ ಮಾಡಿದೆ. ಬಿಲ್ಡಿಂಗಿನ ಒಬ್ಬಾಕೆ ಮಾರುತ್ತಿದ್ದ ಯಾವುದೋ ಡಬ್ಬದ ಪುಡಿಯನ್ನು ಬೆಳಿಗ್ಗೆ ನೀರಿಗೆ ಕಲಸಿ ಕುಡಿದೆ, ಮಧ್ಯಾಹ್ನ ಎರಡು ಸೌತೆಕಾಯಿ, ರಾತ್ರಿ ಏನೂ ಇಲ್ಲ. ಸೋಮವಾರ, ಸಂಕಷ್ಟಿ, ಏಕಾದಶಿ ಅಂತ ದೇವರ ಹೆಸರೂ ಸೇರಿಸಿಕೊಂಡೆ. ಆರು ವಾರದಲ್ಲಿ ಒಂಬತ್ತು ಕಿಲೋ! ಜನ ಹೊಗಳಿದ್ದೇ ಹೊಗಳಿದ್ದು. "ಕಿತೀ ಛಾನ್ ದಿಸ್ತೇಸ್", ಎಷ್ಟು ಚೆಂದ ಕಾಣಿಸ್ತೀ, ಅಂತ ಎದುರು ಮನೆಯ ಮರಾಠಿಯವಳು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರು ರವಿಕೆಗಳ ಹೊಲಿಗೆ ಒಳಗೆ ಹಿಡಿಸಿ ಬಿಗಿ ಮಾಡಲು ಮಾಸ್ತರಿಗೆ ಕೊಟ್ಟೆ. ಹದಿನೈದು ದಿನ ಬಿಟ್ಟು ಅವೇ ಮೂರನ್ನು ಮತ್ತೆ ಒಯ್ದೆ, ಹೆಮ್ಮೆಯಿಂದ.

ಈ ಸಲ ಅವರು ಚೀಲ ಬಿಚ್ಚಲಿಲ್ಲ.

"ನಾ ಹಿಡಿಯಂಗಿಲ್ಲ, ಒಯ್ಯಿ."

"ಎಂತಕ್ಕೆ ಮಾಸ್ತರೆ? ಬಿಡಿಸುವಾಗಲೂ ಬೈದ್ರಿ, ಈಗ ಹಿಡಿಯಲಿಕ್ಕೂ ಬೈತೀರಾ?" ಅಂತ ಕೇಳಿದೆ. ಕೇಳುವಾಗಲೇ ಮೆಷಿನು ಎರಡಾಗಿ ಕಾಣಿಸಿತು. ಸ್ಟೂಲು ಹಿಡಿದುಕೊಂಡೆ, ಸ್ಟೂಲಿನೊಂದಿಗೇ ಕೆಳಗೆ ಕುಳಿತೆ.

ಅವರು ಯಾರನ್ನೂ ಕರೆಯಲಿಲ್ಲ. ತಮ್ಮ ಟಿಫಿನ್ ತೆಗೆದು, ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯೆ ಇಟ್ಟು ನನ್ನ ಕೈಗೆ ಕೊಟ್ಟು, "ತಿನ್ನು. ಅಗದು ತಿನ್ನು" ಅಂದರು. ಏಕಾದಶಿ ಅಂದೆ. "ನಿನ್ನ ಏಕಾದಶಿ ನನಗ ಗೊತ್ತೈತಿ" ಅಂದರು. ತಿಂದೆ. ಅಳು ಬಂತು. ಅಮ್ಮನ ವಿಷಯ, ಐವತ್ಮೂರರ ವಿಷಯ, ಮಗಳ ವಯಸ್ಸಿನ ಲೆಕ್ಕ, ಗಂಡನಿಗೂ ಹೇಳದ್ದನ್ನೆಲ್ಲ ಹೇಳಿದೆ. ಅವರು ಮೆಷಿನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಆಮೇಲೆ ತಮ್ಮದನ್ನು ಹೇಳಿದರು. ಒಂದೇ ಸಲ ಹೇಳಿದ್ದು, ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

"ನನ್ನ ಹೇಣ್ತಿ ಹಿಂಗ ಸಣ್ಣಾದ್ಲು. ತಿಂಗಳಾ ತಿಂಗಳಾ ಆಕಿ ಜಂಪರ್ ಹಿಡೀತಿದ್ದೆ. ಬಟ್ಟಿ ಕಡಿಮಿ ಸಾಕಾಗ್ತೈತಿ ಅಂತ ಚ್ಯಾಷ್ಟಿ ಮಾಡ್ತಿದ್ದೆ. ಸಕ್ಕರಿ ಬ್ಯಾನಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗೂದ್ರಾಗ ಆಕಿ ಇರಲಿಲ್ಲ. ಕೈಯಾಗ ಟೇಪ್ ಹಿಡದು ಕುಂತಾವ ನಾನು, ನನಗ ಕಾಣಲಿಲ್ಲ ನೋಡು. ದಪ್ಪ ಆಗೂದಕ್ಕಿಂತ ಇದಕ್ಕ ಹೆದರತೀನಿ ನಾ."

ಅವತ್ತೇ ನಮ್ಮಿಬ್ಬರ ಕರಾರಾಯಿತು. ಮೂರು ತಿಂಗಳಿಗೆ ಅರ್ಧ ಇಂಚು. ಅದಕ್ಕಿಂತ ಹೆಚ್ಚು ಸಡಿಲಾಗಿ ತಂದರೆ ಅವರು ಮುಟ್ಟುವುದಿಲ್ಲ. ಡಾಕ್ಟರ ಚೀಟಿ ತಂದರೆ ಮಾತ್ರ ಮಾತು. "ಊಟ ಬಿಡಬ್ಯಾಡ. ಕುಂತು ಉಣ್ಣು, ಅಡ್ಡಾಡಿ ಅರಗಿಸು" ಅಂದರು. ಡಾಕ್ಟರೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರು, ನನ್ನ ಕಿವಿಗೆ ಹೋಗಿರಲಿಲ್ಲ. ಮತ್ತೆ ಟೆಸ್ಟು ಮಾಡಿಸಿದಾಗ ಸಕ್ಕರೆ ಇದ್ದಲ್ಲೇ ಇತ್ತು, ಆದರೆ ರಕ್ತ ತೀರಾ ಇಳಿದಿತ್ತು. ಪುಡಿಯ ಡಬ್ಬವನ್ನು ಬಿಸಾಡಿದೆ. ಅದೊಂದನ್ನು ಬಿಸಾಡಲು ಮನಸ್ಸು ಹಿಂಜರಿಯಲಿಲ್ಲ.

ತಟ್ಟೆ ಹಾಕಿಕೊಂಡು ಕೂತು ಉಣ್ಣುವುದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನಿಂತು ತಿಂದದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ, ತಟ್ಟೆಯಲ್ಲಿ ಹಾಕಿದರೆ ಕಣ್ಣಿಗೆ ಕಾಣುತ್ತದೆ. ಕುಚ್ಚಲಕ್ಕಿ ಅನ್ನ ಎರಡು ಸೌಟಿನಿಂದ ಒಂದಕ್ಕೆ ಇಳಿಯಿತು, ಹುರುಳಿ, ಬಸಳೆ, ಹೆಸರುಕಾಳು ಜಾಸ್ತಿಯಾಯಿತು, ಬಂಗುಡೆ ಮೀನು ಎಣ್ಣೆಯಲ್ಲಿ ಕರಿಯುವುದು ಬಿಟ್ಟು ಹುಳಿಖಾರದ ಪುಳಿಮುಂಚಿ ಸಾರಿಗೆ ಬಿತ್ತು. ಪಾರ್ಸೆಲ್ ತರಬೇಡಿ ಅಂದದ್ದಕ್ಕೆ ನನ್ನವರಿಗೆ ಬೇಸರವಾಯಿತು. "ಹೋಟೆಲಿನವನ ಮನೆಯಲ್ಲಿ ಪಾರ್ಸೆಲ್ ಬೇಡವಂತೆ, ಕಾಲ ಕೆಟ್ಟಿತು" ಅಂತ ಒಂದು ವಾರ ಗೊಣಗಿದರು. ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ನಡಿಗೆ. ಮಗಳನ್ನು ಎಬ್ಬಿಸಿದರೆ, "ಮಮ್ಮಿ, ತೂ ಜಾ ನಾ, ನೀನೇ ಹೋಗು" ಅಂತ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಮೊದಲ ದಿನ ಎರಡು ಸುತ್ತಿಗೇ ಬೆಂಚು ಹುಡುಕಿದೆ. ಎದೆ ಢವಢವ ಅಂದರೆ ಇದೇ ಕೊನೆ ಅಂತ ಹೆದರಿ, ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾ ಕೂರುತ್ತಿದ್ದೆ.

ಹೆದರಿಕೆ ಪೂರ್ತಿ ಹೋಯಿತು ಅಂತ ಹೇಳಲಾರೆ. ಕೆಲವು ತಿಂಗಳು ಅರ್ಧ ಇಂಚು ಹೋಗಲಿ, ಒಂದು ನೂಲಿನಷ್ಟೂ ಇಳಿಯಲಿಲ್ಲ. ಅಂಥ ದಿನ ಹೋದರೆ ಮಾಸ್ತರು, "ಏರಿಲ್ಲಲ್ಲ? ಸಾಕು. ಚಾ ಕುಡಿ, ಸಕ್ಕರಿ ಇಲ್ಲದ್ದು" ಅನ್ನುತ್ತಿದ್ದರು. ಇಳಿದ ದಿನ ಹಸಿರು ರವಿಕೆಯನ್ನು ಹಿಡಿದುಕೊಟ್ಟು, ತೂತಿನ ಒಂದು ಸಾಲು ಒಳಗೆ ಹೋಯಿತು ಅಂತ ತೋರಿಸುತ್ತಿದ್ದರು. ಒಳಗೆ ಹೋದ ಬಟ್ಟೆಯನ್ನು ಕತ್ತರಿಸಿ ತೆಗೆಯಲೇ ಅಂತ ಕೇಳುವರು. ನಾನು ಪ್ರತಿಸಲ, "ಅಯ್ಯೋ ಬೇಡ ಮಾಸ್ತರೆ, ಇರಲಿ, ಮತ್ತೆ ದಪ್ಪ ಆದರೆ?" ಅನ್ನುತ್ತಿದ್ದೆ. "ಆತು, ಇರಲಿ. ಹೆದರಿಕಿ ಹೋದ ದಿನ ಹೇಳು" ಅನ್ನುವರು.

ಮೂರು ವರ್ಷ ಹೀಗೆ ನಡೆಯಿತು. ನಾನು ಅರವತ್ತೊಂಬತ್ತು ಕಿಲೋಗೆ ಇಳಿದೆ. ಸಕ್ಕರೆ ಬಾರ್ಡರಿನಿಂದ ಈಚೆಗೆ ಬಂತು. ಠಾಣೆಯ ಸೇತುವೆಯನ್ನು ಒಂದೇ ಉಸಿರಿಗೆ ಹತ್ತಿದ ದಿನ ನೇರ ಅಂಗಡಿಗೆ ಹೋಗಿ ಹೇಳಿದೆ. ಮಾಸ್ತರು ಎದ್ದು ನಿಂತು ಕೈ ಮುಗಿದರು, ತಮಾಷೆಗೆ. ಆಗಲೇ ಅವರ ಬೆಲ್ಟು ನನ್ನ ಕಣ್ಣಿಗೆ ಬಿದ್ದದ್ದು. ಕಂಪನಿಯವರು ಕೊಟ್ಟ ತೂತುಗಳು ಮುಗಿದು, ಅದರಾಚೆ ಕತ್ತರಿಯ ಮೊನೆಯಿಂದ ಚುಚ್ಚಿದ ಹೊಸ ತೂತುಗಳು. ಒಂದು, ಎರಡು, ಮೂರು, ನಾಲ್ಕು. ಬೆಲ್ಟಿನ ತುದಿ ಸೊಂಟದ ಹಿಂದಿನವರೆಗೆ ಹೋಗಿ ಜೋತುಬಿದ್ದಿತ್ತು.

"ಓಹೋ, ಮಾಸ್ತರೆ, ನೀವೂ ಡಯಟ್ ಶುರು ಮಾಡಿದ್ರಾ?" ಅಂತ ನಗಾಡಿದೆ.

"ನಿನ್ನ ನೋಡಿ ಕಲತೆ ತಂಗೆವ್ವ" ಅಂದರು. ಅವರೂ ನಕ್ಕರು.

ನಾನು ಮನೆಗೆ ಬಂದೆ. ನನ್ನದೇ ಸಂತೋಷದಲ್ಲಿ ಇದ್ದೆ.

ಗಣಪತಿ ಹಬ್ಬದ ಮುಂಚೆ ಹಸಿರು ರವಿಕೆ ಕೊಟ್ಟು ಬಂದಿದ್ದೆ. ಹಬ್ಬ ಮುಗಿದು ಹೋದರೆ ಅಂಗಡಿಗೆ ಬೀಗ. ಮತ್ತೊಂದು ವಾರ ಬಿಟ್ಟು ಹೋದೆ, ಬೀಗ. ಪಕ್ಕದಲ್ಲಿ ಕೀಲಿಕೈ ಮಾಡುವವನು ಮಾಸ್ತರು ತನ್ನಲ್ಲಿ ಬಿಟ್ಟುಹೋಗಿದ್ದ ನನ್ನ ಚೀಲ ತೆಗೆದುಕೊಟ್ಟು ವಿಷಯ ಹೇಳಿದ. ಹೊಟ್ಟೆಯಲ್ಲಿ ಗಡ್ಡೆಯಂತೆ. ಬಹಳ ದಿನದಿಂದ ಊಟ ಸೇರುತ್ತಿರಲಿಲ್ಲವಂತೆ. ಹಬ್ಬದ ಹೊಲಿಗೆ ಮುಗಿಯಲಿ, ಆಮೇಲೆ ತೋರಿಸಿದರಾಯಿತು ಅನ್ನುತ್ತಿದ್ದರಂತೆ. ಅಣ್ಣನ ಮಗ ಬಂದು ಊರಿಗೆ ಕರೆದುಕೊಂಡು ಹೋಗಿದ್ದ. ಹೋದ ಹನ್ನೆರಡನೆಯ ದಿನ ತೀರಿಕೊಂಡರು. ಮಧ್ಯಾಹ್ನ ಟಿಫಿನ್ ಬಿಚ್ಚದೆಯೇ ಎಷ್ಟೋ ದಿನ ವಾಪಸ್ ಒಯ್ಯುತ್ತಿದ್ದರು ಅಂತ ಕೀಲಿಕೈಯವನಿಗೆ ಗೊತ್ತಿತ್ತು. ಅವರ ರೊಟ್ಟಿ ತಿಂದವಳು ನಾನು, ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ರವಿಕೆಯ ಒಳಬದಿ ಹೊರಗೆ ಮಾಡಿ ನೋಡಿದೆ. ತೂತಿನ ಸಾಲುಗಳು ಇರಲಿಲ್ಲ. ಬಟ್ಟೆ ಸೇರಿಸಿದ ತೇಪೆಯೂ ಇರಲಿಲ್ಲ. ಈ ಸಲ ನನ್ನನ್ನು ಕೇಳದೆ ಮಾರ್ಜಿನ್ ಕತ್ತರಿಸಿ, ಅಂಚಿಗೆ ಕೈಹೊಲಿಗೆ ಹಾಕಿ, ಉಗುರಿನಿಂದ ಗೀರಿ ಕೂರಿಸಿದ್ದರು. ಇನ್ನು ಬಿಡಿಸಿಕೊಳ್ಳಲು ಒಂದು ನೂಲಿನಷ್ಟೂ ಬಟ್ಟೆ ಇಲ್ಲ.

ಈಗಲೂ ಮೂರು ತಿಂಗಳಿಗೊಮ್ಮೆ ಆ ರವಿಕೆ ಹಾಕಿ ನೋಡುತ್ತೇನೆ. ಹುಕ್ಕು ಬೀಳುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ; ಇಲ್ಲಿಯವರೆಗೆ ಬಿದ್ದಿದೆ. ಬೆಳಿಗ್ಗೆ ಪಾರ್ಕಿನಲ್ಲಿ ಯಾರಾದರೂ ಸಣ್ಣಗಾಗಿ ಕಂಡರೆ ಎಲ್ಲರೂ ಸುತ್ತ ನಿಂತು ಹೊಗಳುತ್ತಾರೆ. ನಾನು ಮಾತ್ರ ಪಕ್ಕಕ್ಕೆ ಕರೆದು, ಊಟ ಸೇರ್ತದಾ, ಟೆಸ್ಟ್ ಮಾಡಿಸಿದ್ರಾ ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಇವಳದ್ದೊಂದು ಅಪಶಕುನ ಅಂತ ಒಬ್ಬಾಕೆ ಹಿಂದಿನಿಂದ ಅಂದದ್ದೂ ಕಿವಿಗೆ ಬಿದ್ದಿದೆ. ಅನ್ನಲಿ. ಕೇಳಲೇಬೇಕಾಗಿದ್ದ ಒಬ್ಬರ ಬೆಲ್ಟಿನ ತೂತು ಎಣಿಸಿ, ನಗಾಡಿ ಮನೆಗೆ ಬಂದವಳು ನಾನು.