ಅಮಾವಾಸ್ಯೆಯ ಕೊಡ ನೀರು

ಇವತ್ತು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಸಲು ಓಣಿಯ ತುದಿಯ ಗಾಡಿಯ ಮುಂದೆ ನಿಂತಿದ್ದೆ. ಇಸ್ತ್ರಿಯವನು ಪೆಟ್ಟಿಗೆಯ ಕೆಂಡವನ್ನು ನೆಲಕ್ಕೆ ಸುರಿದು ಅದರ ಮೇಲೆ ಒಂದು ಚೆಂಬು ನೀರು ಚೆಲ್ಲಿದ. ಚುಸ್ಸೆಂದು ಆವಿ ಎದ್ದು, ನೆನೆದ ಇದ್ದಿಲಿನ ವಾಸನೆ ಮೂಗಿಗೆ ಬಡಿಯಿತು. ರಾಯಚೂರಿನ ಬಿಸಿಲಿನಲ್ಲಿ ಎಂಟು ಗಂಟೆಗೇ ಬೆವರುವ ಜನಕ್ಕೆ ಆ ವಾಸನೆಯಿಂದ ಆಗಬೇಕಾದ್ದು ಏನೂ ಇಲ್ಲ. ನಾನು ಮಾತ್ರ ಮುಖ ಹಿಂಡಿ ಒಂದು ಹೆಜ್ಜೆ ಹಿಂದೆ ಸರಿದೆ.

"ಯಾಕ್ರೀ ಸರ, ಮಾರಿ ಹಿಂಗ್ಯಾಕ ಮಾಡೀರಿ?" ಎಂದ ಅವನು.

"ಇವತ್ತು ಪಾಠ ಹೇಳೋದದಪಾ."

"ನೀವ್ಯಾವಾಗ ಮಾಸ್ತರಾದ್ರೀ?" ಎಂದು ನಕ್ಕ.

ನಾನು ಮಾಸ್ತರನಲ್ಲ, ಎಂಜಿನಿಯರು. ಅದೂ ಎಂಥ ಎಂಜಿನಿಯರು ಎಂದು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೆಣ್ಣು ನೋಡಲು ಮಾನ್ವಿಗೆ ಹೋದಾಗ ಹುಡುಗಿಯ ಸೋದರಮಾವ, "ಮನಿ ಕಟ್ಟೋ ಎಂಜಿನಿಯರ್ ಏನ್ರೀ?" ಎಂದು ಕೇಳಿದ್ದರು. ಅಲ್ಲ, ಕಟ್ಟಿದ ಮೇಲೆ ಅದರೊಳಗೆ ನೀರು, ಕರೆಂಟು, ಗಾಳಿ, ಲಿಫ್ಟು ಎಲ್ಲ ನೆಟ್ಟಗೆ ಓಡಾಡುವಂತೆ ನೋಡಿಕೊಳ್ಳುವವನು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಪ್ಲಂಬರ್ ಅನ್ರಿ" ಎಂದರು. ಹೆಣ್ಣು ಕೊಟ್ಟರು ಬಿಡಿ. ಆದರೆ ಆ ಮನೆಯಲ್ಲಿ ನಲ್ಲಿ ಸೋರಿದರೆ ಇವತ್ತಿಗೂ ನನಗೇ ಫೋನು ಬರುತ್ತದೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಓದು ಮುಗಿಯಿತೆಂದು ಕೂರುವಂತಿಲ್ಲ. ವರ್ಷಕ್ಕೆ ಇಷ್ಟು ತಾಸು ಎಂದು ತರಬೇತಿಗೆ ಹೋಗಿ ಹೊಸದನ್ನು ಕಲಿಯುತ್ತಿರಬೇಕು. ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ರಾಯಚೂರಿನ ಯಾವುದಾದರೂ ಹೋಟೆಲಿನ ಸಭಾಂಗಣದಲ್ಲಿ ಬೆಳಿಗ್ಗೆ ಸಹಿ, ಆಮೇಲೆ ಮಂಡಾಳು ಒಗ್ಗರಣಿ, ಮಿರ್ಚಿ, ಚಹಾ. ಮಧ್ಯಾಹ್ನ ಭರ್ಜರಿ ಊಟ. ಊಟದ ನಂತರ ಕಂಬದ ಮರೆಯ ಕುರ್ಚಿಯಲ್ಲಿ, ತಂಪು ಗಾಳಿ ನೇರ ನೆತ್ತಿಗೆ ಬೀಳುವ ಜಾಗದಲ್ಲಿ ನನ್ನ ನಿದ್ದೆ. ಸಂಜೆ ಎಲ್ಲರೂ ಸಾಲಾಗಿ ನಿಂತು ಫೋಟೊ, ಕೈಗೊಂದು ಸರ್ಟಿಫಿಕೇಟು, ಹೆಗಲಿಗೊಂದು ಚೀಲ. ಆ ಚೀಲಗಳನ್ನು ನನ್ನ ಹೆಂಡತಿ ತರಕಾರಿಗೆ ಬಳಸುತ್ತಾಳೆ. ಅಷ್ಟು ತರಬೇತಿಗಳಿಂದ ಮನೆಗೆ ಆದ ಉಪಕಾರ ಅದೊಂದೇ ಎಂದು ಅವಳು ಹೇಳಿದಾಗ ನಾನು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಯಾಕೆಂದರೆ ಶರಣಪ್ಪನವರ ನೆನಪಾಗುತ್ತದೆ. ಮಲ್ಲಟದವರು, ನಮ್ಮ ಕಂಪನಿಯಲ್ಲಿ ವಾಯರ್‌ಮನ್. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ನಾವು ನೋಡಿಕೊಳ್ಳುತ್ತಿದ್ದ ಕಟ್ಟಡಗಳ ಒಂದೊಂದು ಸ್ವಿಚ್ಚೂ ಅವರಿಗೆ ಪರಿಚಯ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕಿವಿಯ ಹಿಂದೆ ಟೆಸ್ಟರ್. ಮೊದಲ ದಿನವೇ ನನ್ನ ಕೈ ಹಿಡಿದು ಮೋಟರಿನ ಹತ್ತಿರ ಒಯ್ದು ಹೇಳಿದ್ದರು: "ಸರ, ಮಿಷನ್ ಬಿಸಿ ನೋಡಬೇಕಂದ್ರ ಅಂಗೈ ಹಚ್ಚಬ್ಯಾಡ್ರಿ. ಹಿಂಗೈ ಹಚ್ರಿ. ಕರೆಂಟ್ ಇದ್ರ ಅಂಗೈ ಹಿಡಕೊಂಡ್ಬಿಡ್ತದ, ಹಿಂಗೈ ಒಗೀತದ." ನಾಲ್ಕು ವರ್ಷದ ಕಾಲೇಜಿನಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಪ್ರತಿ ಅಮಾವಾಸ್ಯೆ ಎಲ್ಲ ಕಟ್ಟಡಗಳಿಗೂ ಹೋಗಿ ಕರೆಂಟಿನ ಬೋರ್ಡಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಹೊರಗಿನ ಅರ್ಥಿಂಗ್ ಗುಂಡಿಗೆ ಒಂದೊಂದು ಕೊಡ ನೀರು ಸುರಿಯುತ್ತಿದ್ದರು. ಅರ್ಥಿಂಗ್ ಎಂದರೆ ಮತ್ತೇನಲ್ಲ. ಯಂತ್ರದ ಮೈಗೆ ಕರೆಂಟು ತಗುಲಿದರೆ ಅದು ಮನುಷ್ಯನ ಮೈ ಹುಡುಕುವ ಬದಲು ಮಣ್ಣಿಗೆ ಇಳಿದುಹೋಗಲಿ ಎಂದು ಮಾಡಿಟ್ಟ ದಾರಿ. ಒಂದು ಗುಂಡಿ, ಅದರೊಳಗೆ ಒಂದು ಕೊಳವೆ, ಸುತ್ತ ಇದ್ದಿಲು ಮತ್ತು ಉಪ್ಪು. ಒಳಗೆ ಹಸಿಯಿದ್ದರೆ ದಾರಿ ತೆರೆದಿರುತ್ತದೆ, ಒಣಗಿದರೆ ಮುಚ್ಚಿಹೋಗುತ್ತದೆ. ನೀರು ಬಿದ್ದಾಗ ಅಲ್ಲಿಂದ ಏಳುತ್ತಿದ್ದದ್ದು ಇದೇ ವಾಸನೆ.

"ಅಮಾಸಿಗೇ ಯಾಕ ಶರಣಪ್ಪ? ಗುಂಡ್ಯಾಗ ದೇವ್ರು ಅದಾನೇನು?" ಎಂದು ನಾನು ಚುಡಾಯಿಸಿದ್ದೆ.

"ದೇವ್ರು ಎಲ್ಲಿಲ್ರೀ ಸರ? ಅದು ಬ್ಯಾರೆ ಮಾತು. ತಾರೀಖು ಇಟ್ರ ಮರೀತೀವ್ರಿ. ಅಮಾಸಿ ಯಾರ್ ಮರೀತಾರ?" ಎಂದಿದ್ದರು.

ಅವರಿಗೊಂದು ಆಸೆಯಿತ್ತು. ತರಬೇತಿಯ ಅರ್ಜಿಯಲ್ಲಿ ಎಂಜಿನಿಯರನ ಹೆಸರಿನ ಕೆಳಗೆ 'ಜೊತೆಗೆ ಬರುವ ಕೆಲಸಗಾರ' ಎಂದು ಇನ್ನೊಂದು ಸಾಲು ಇರುತ್ತದೆ. ಅದು ಅವರಿಗೆ ಹೇಗೋ ಗೊತ್ತಾಗಿತ್ತು. "ಸರ, ಒಂದ್ ಸಲ ನನ್ನೂ ಕರಕೊಂಡು ಹೋಗ್ರಿ. ಹೊಸಾವು ಏನೇನೋ ಬರಾಕತ್ತಾವ, ತಿಳಕೋಬೇಕ್ರಿ" ಎನ್ನುತ್ತಿದ್ದರು. "ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತದ ಶರಣಪ್ಪ, ನಿನಗ ಬ್ಯಾಸರಾಗ್ತದ" ಎಂದು ನಾನು ಪ್ರತಿ ವರ್ಷವೂ ಜಾರಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ಇಂಗ್ಲಿಷು ನೆಪ. ಅವರು ನಡುವೆ ಎದ್ದು ಕನ್ನಡದಲ್ಲಿ ಏನಾದರೂ ಕೇಳಿಯಾರು, ಎಲ್ಲರೂ ತಿರುಗಿ ನನ್ನನ್ನು ನೋಡಿಯಾರು ಎಂಬ ನಾಚಿಕೆ. ನಾನು ಅಲ್ಲಿ ಗೊರಕೆ ಹೊಡೆಯುವುದಕ್ಕೆ ಮಾತ್ರ ಎಂದೂ ನಾಚಿಕೆಪಟ್ಟಿರಲಿಲ್ಲ.

ಒಂದು ವರ್ಷದ ತರಬೇತಿ ಅರ್ಥಿಂಗ್ ಬಗ್ಗೆಯೇ ಇತ್ತು. ಊಟಕ್ಕೆ ಮುಂಚೆ ಪಾಠ ಹೇಳಿದವರು ಹೊಸದೊಂದು ಪುಡಿ ತೋರಿಸಿ, ಇದನ್ನು ತುಂಬಿದ ಗುಂಡಿಗೆ ನೀರು ಹಾಕುವ ಕೆಲಸವಿಲ್ಲ ಎಂದರು. ಅದನ್ನು ನಾನು ಕೇಳಿಸಿಕೊಂಡೆ. ಗುಂಡಿಯನ್ನು ಹೊಸದಾಗಿ ತೋಡಿ ಹೊಸ ಕೊಳವೆ ಇಳಿಸಬೇಕು, ಹಳೆಯ ಗುಂಡಿಗೆ ಈ ಪುಡಿ ಸುರಿದರೆ ಉಪಯೋಗವಿಲ್ಲ, ಏನೇ ಆದರೂ ಪ್ರತಿ ಬೇಸಿಗೆ ಅಳೆದು ನೋಡಲೇಬೇಕು ಎಂದು ಅವರು ಊಟದ ನಂತರ ಹೇಳಿದರು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಅರ್ಧ ವಿದ್ಯೆ ಹೊತ್ತು ದೇವದುರ್ಗದ ಹಾಸ್ಟೆಲಿಗೆ ಹೋದೆ. ಮಕ್ಕಳ ಹಾಸ್ಟೆಲು ಅದು, ನಮ್ಮ ಕಂಪನಿಯೇ ನೋಡಿಕೊಳ್ಳುತ್ತಿದ್ದ ಕಟ್ಟಡ. ಹಳೆಯ ಗುಂಡಿಗೆ ಒಂದು ಚೀಲ ಪುಡಿ ಸುರಿಸಿ, ಮೇಲೆ ಅಂಗಳದ ತುಂಬ ಸಿಮೆಂಟಿನ ಬಿಲ್ಲೆ ಹಾಸಿಸಿದೆ. ಅಂಗಳ ಚೆಂದ ಕಂಡಿತು.

"ಸರ, ಇದು ಎರಿ ಭೂಮಿ ಅದರೀ," ಎಂದರು ಶರಣಪ್ಪ. "ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರೀತದ. ನೀರಿಗೊಂದು ತೂತರ ಬಿಡ್ರಿ."

"ನೀರು ಬ್ಯಾಡಂತ ಟ್ರೇನಿಂಗ್‌ದಾಗ ಹೇಳ್ಯಾರ. ಅಲ್ಲಿ ಹೋಗಿದ್ದು ನೀನೋ, ನಾನೋ?"

ಮುಂದಿನ ಅಮಾವಾಸ್ಯೆ ಶರಣಪ್ಪ ಕೊಡ ಹಿಡಿದು ಬಂದು, ಬಿಲ್ಲೆಗಳ ಮೇಲೆ ಸ್ವಲ್ಪ ಹೊತ್ತು ನಿಂತು, ನೀರನ್ನು ಬೇವಿನ ಗಿಡಕ್ಕೆ ಹಾಕಿ ಹೋದರೆಂದು ವಾರ್ಡನ್ ನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ.

ಎರಡನೆಯ ಬೇಸಿಗೆ, ಮಕ್ಕಳ ಪರೀಕ್ಷೆಯ ದಿನಗಳು. ಟ್ಯಾಂಕಿಗೆ ನೀರು ಏರುತ್ತಿಲ್ಲವೆಂದು ಕರೆ ಬಂದು ಶರಣಪ್ಪ ಪಂಪಿನ ಕೋಣೆಗೆ ಇಳಿದರು. ಮೋಟರಿನೊಳಗೆ ತಂತಿಯ ಹೊದಿಕೆ ಸುಟ್ಟು ಕರೆಂಟು ಅದರ ಮೈಗೆಲ್ಲ ಬಂದಿತ್ತು. ಮಣ್ಣಿಗೆ ಇಳಿಯಲು ದಾರಿಯಿರಲಿಲ್ಲ. ಶರಣಪ್ಪ ಹಿಂಗೈ ಹಚ್ಚಿ ನೋಡಿದರು. ಅದು ಅವರನ್ನು ಮೆಟ್ಟಿಲ ಮೇಲೆ ಎತ್ತಿ ಒಗೆಯಿತು. ಬಲಗೈಯ ಮೊಣಕೈ ಪುಡಿಯಾಯಿತು.

ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದೆ. ಅಂಥ ನೋವಿನಲ್ಲೂ ಅವರು, "ಹಿಂಗೈ ಹಚ್ಚಿದ್ದಕ್ಕ ಉಳದೀನ್ರೀ ಸರ. ನೀವೂ ನೆಪ್ಪಿಟ್ಕೋರಿ" ಎಂದರು. ನಾನು ತಲೆಯಾಡಿಸಿದೆ. ಮರುದಿನ ಕಚೇರಿಯಲ್ಲಿ ಕೂತು ವರದಿ ಬರೆದೆ. ಕಾರಣ ಎಂಬಲ್ಲಿ, 'ತರಬೇತಿ ಪಡೆಯದ ಕೆಲಸಗಾರನ ಅಜಾಗರೂಕತೆ' ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ತರಬೇತಿ ಯಾಕೆ ಪಡೆದಿರಲಿಲ್ಲ ಎಂದು ಯಾರೂ ಕೇಳಲಿಲ್ಲ. ಶರಣಪ್ಪನವರ ಕೆಲಸ ಹೋಯಿತು, ಕೈ ನೆಟ್ಟಗಾಗಲಿಲ್ಲ. ಹಾಸ್ಟೆಲಿನ ಮೋಟರು ಬದಲಾಯಿತು. ಗುಂಡಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅದನ್ನು ತೆಗೆಸಿದರೆ ನನ್ನ ವರದಿ ಸುಳ್ಳೆಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ.

ಹೀಗೇ ವರ್ಷಗಳು ಹೋದವು. ಹೋದ ತಿಂಗಳು ತರಬೇತಿಯವರೇ ಫೋನು ಮಾಡಿ, ಈ ಸಲ ನೀವೇ ಒಂದು ತಾಸು ಪಾಠ ಹೇಳಬೇಕು, ನಿಮ್ಮ ಅನುಭವದ ಒಂದು ಅಪಘಾತದ ಬಗ್ಗೆ ಹೇಳಿದರೂ ಸಾಕು ಎಂದರು. ನನಗೆ ಗೊತ್ತಿದ್ದ ಅಪಘಾತ ಒಂದೇ. ಮಲ್ಲಟಕ್ಕೆ ಹೋದೆ.

ಶರಣಪ್ಪನವರ ಮಗಳು ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅವರು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಗಿರಣಿಯ ಸದ್ದು ಕೇಳುತ್ತಿದ್ದರು. ಗೋಡೆಯ ಬದಿಗೆ ಅಚ್ಚುಕಟ್ಟಾದ ಅರ್ಥಿಂಗ್ ಗುಂಡಿ, ಆಗಷ್ಟೇ ನೀರು ಬಿದ್ದು ಒದ್ದೆಯಾಗಿತ್ತು. "ಬರ್ರೀ ಸರ, ಬರ್ರೀ" ಎಂದು ಎದ್ದುನಿಂತರು. ಮಗಳು ಚಹಾ ತಂದಳು. ಅವರು ಎಡಗೈಯಲ್ಲಿ ಬಸಿ ಹಿಡಿದು ಕುಡಿದರು.

"ನನ್ ಜೋಡಿ ರಾಯಚೂರಿಗೆ ಬರ್ರಿ ಶರಣಪ್ಪನವ್ರ. ಪಾಠ ನೀವ ಹೇಳ್ರಿ" ಎಂದೆ.

ಅವರು ಬಸಿ ಕೆಳಗಿಟ್ಟರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ನಾ ಹ್ಯಾಂಗ ಬರ್ಲಿರೀ? ನನಗ ಟ್ರೇನಿಂಗ್ ಆಗಿಲ್ಲಂತ ನೀವ ಬರದೀರಲ್ರೀ" ಎಂದರು.

ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಗಿರಣಿ ನಿಂತಾಗ ಅವರೇ ಕೇಳಿದರು: "ಅದಿರ್ಲಿ. ಆ ಹಾಸ್ಟೆಲ್ ಗುಂಡಿ ತೆಗಿಸಿದ್ರೇನ್ರೀ? ಹುಡುಗ್ರು ಇರ್ತಾವ ಅಲ್ಲಿ."

ಅಲ್ಲಿಂದ ಮನೆಗೆ ಬರಲಿಲ್ಲ, ನೇರ ದೇವದುರ್ಗಕ್ಕೆ ಹೋದೆ. ಮಧ್ಯಾಹ್ನದ ಬಿಸಿಲಲ್ಲೇ ನಿಂತು ಬಿಲ್ಲೆಗಳನ್ನು ಕೀಳಿಸಿದೆ. ಕೆಳಗಿನ ನೆಲ ಶರಣಪ್ಪ ಹೇಳಿದಷ್ಟೇ ಬಿರಿದಿತ್ತು. ಕೊಳವೆಯನ್ನು ತುಕ್ಕು ತಿಂದಿತ್ತು. ಅವತ್ತೇ ಅಂಗಳದ ಇನ್ನೊಂದು ಬದಿಗೆ ಹೊಸ ಗುಂಡಿ ತೋಡಿಸಿ, ಹೊಸ ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿಸಿ, ಒಂದು ಕೊಡ ನೀರು ನಾನೇ ಹೊತ್ತು ತಂದು ಸುರಿದೆ. ನೆನೆದ ಇದ್ದಿಲಿನ ಅದೇ ವಾಸನೆ ಎದ್ದಿತು. ಆಮೇಲೆ ಕಂಪನಿಗೆ ಪತ್ರ ಬರೆದು, ವರದಿ ಸುಳ್ಳು, ತಪ್ಪು ನನ್ನದು ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೂ ಆ ಮೊಣಕೈ ನೆಟ್ಟಗಾಗುವುದಿಲ್ಲ.

ಇವತ್ತು ನನಗೆ ಕೊಟ್ಟದ್ದು ಊಟದ ನಂತರದ ತಾಸು. ಇಸ್ತ್ರಿಯ ಅಂಗಿ ತೊಟ್ಟು ನಿಂತು, ಆ ಎಂಜಿನಿಯರು ಯಾರೆಂಬುದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಕಂಬದ ಮರೆಯ ಕುರ್ಚಿಯಲ್ಲಿ ಒಬ್ಬ ಹುಡುಗ ಎಂಜಿನಿಯರು ತೂಕಡಿಸುತ್ತಿದ್ದ. ಮೋಟರಿನ ಮಾತು ಬಂದಾಗ ಕಣ್ಣು ಬಿಟ್ಟ, ವರದಿಯ ಮಾತು ಬಂದಾಗ ನೆಟ್ಟಗೆ ಕೂತ. ಕೊನೆಗೆ ಅವನೇ ಕೈ ಎತ್ತಿದ.

"ಸರ, ಆ ವರದಿ ಬರದ ಎಂಜಿನಿಯರ್‌ಗ ಏನಾತ್ರಿ?"

"ಬಡ್ತಿ ಆತು," ಎಂದೆ. "ನಿಮ್ಮ ಮುಂದ ನಿಂತಾನ."

ನಾನು ವೇದಿಕೆಯಿಂದ ಇಳಿದು ಹೋಗಿ, ಮುಂದಿನ ತರಬೇತಿಯ ಅರ್ಜಿಗಳನ್ನು ಎಲ್ಲರ ಕೈಗೂ ಒಂದೊಂದು ಕೊಟ್ಟೆ. 'ಜೊತೆಗೆ ಬರುವ ಕೆಲಸಗಾರ' ಎಂಬ ಎರಡನೆಯ ಸಾಲನ್ನು ತುಂಬದೆ ಯಾರೂ ಮೇಲೇಳಬೇಡಿ ಎಂದೆ. ಆ ಹುಡುಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ತನ್ನ ವಾಯರ್‌ಮನ್ನಿನ ಪೂರ್ತಿ ಹೆಸರು ಅವನಿಗೆ ಗೊತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ಫೋನು ಮಾಡಿ ಕೇಳಿಕೊಂಡು ಬಂದು ಬರೆದ.