ಬಿಣಗಾ ಘಟ್ಟದಲ್ಲಿ ಜಾರಿದ ಕ್ಲಚ್ಚು

ಮೋಟಾರ್ ಸೈಕಲ್ಲಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲೆನೆಂಬ ಜಂಬ ನನಗಿದೆ. ಹೆಂಡತಿಯ ಕೆಮ್ಮಿಗೆ ಏಳದವನು ಇಂಜಿನ್ನಿನ ಕೆಮ್ಮಿಗೆ ಎದ್ದು ಕೂರುತ್ತಾನೆಂದು ಮನೆಯಲ್ಲಿ ದೂರು. ದೂರು ನಿಜ. ಆದರೆ ಈ ಜಂಬ ಒಮ್ಮೆ ಬಿಣಗಾ ಘಟ್ಟದಲ್ಲಿ ಪೂರ್ತಿ ಜಾರಿತ್ತು. ಅದನ್ನು ನೆನೆದರೆ ಇವತ್ತಿಗೂ ಎದೆ ಡವಡವ ಅನ್ನುತ್ತದೆ, ಹೆದರಿಕೆಗಲ್ಲ, ಹುರುಪಿಗೆ.

ನಾನಾಗ ಅಂಕೋಲೆಯಲ್ಲಿದ್ದೆ. ಊರು ಬಿಟ್ಟು ಹೊರಟ ಅಧಿಕಾರಿಯೊಬ್ಬರಿಂದ ಹಳೆಯ ಗಾಡಿಯೊಂದನ್ನು ಕೊಂಡಿದ್ದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಕ್ಕ ಮಾಸ್ತರಿಕೆಯ ತರಬೇತಿ ಮುಗಿಸಿದ್ದಳು. ಅಂತೂ ಕಾರವಾರದ ಶಾಲಾ ಕಚೇರಿಯಿಂದ ಕರೆ ಬಂತು, ಹನ್ನೊಂದು ಗಂಟೆಗೆ ಹಾಜರಿರಬೇಕು. ಇದು ತಪ್ಪಿದರೆ, ಅವಳನ್ನು ಕರೆದೊಯ್ಯಲು ಕಾದಿದ್ದ ಸೋದರಮಾವನ ಅಡಿಗೆಮನೆಯೇ ಅವಳಿಗೆ ಗತಿ, ಜೀವಮಾನವಿಡೀ. ಅದೇ ದಿನ ನೋಡಿ, ಸರ್ವಿಸ್ ಮೋಟಾರು, ಅಂದರೆ ಆಗಿನ ಬಸ್ಸು, ಬರಲೇ ಇಲ್ಲ.

"ತಮಾ, ನಿನ್ನ ಫಟಫಟಿ ಹೊರಗೆ ತೆಗಿ," ಎಂದಳು ಅಕ್ಕ. ಅಮ್ಮ ಬಾಯಿಗೆ ಸೆರಗು ಹಿಡಿದಳು. ಆ ಕಾಲದಲ್ಲಿ ಹೆಂಗಸು ಮೋಟಾರ್ ಸೈಕಲ್ಲಿನ ಹಿಂದೆ ಕೂರುವುದೆಂದರೆ ಊರು ವಾರಗಟ್ಟಲೆ ಅಗಿಯುವ ಸುದ್ದಿ. ಅಕ್ಕ ಸೀರೆ ಬಿಗಿದು ಹತ್ತಿಯೇಬಿಟ್ಟಳು.

ಹಟ್ಟಿಕೇರಿ ದಾಟುವವರೆಗೆ ಗಾಳಿಯಂತೆ ಹೋದೆವು. ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ನೆಟ್ಟಗೆ ನಿಂತು ನೋಡಿದರು. ತೋಡೂರಿನಲ್ಲಿ ಎಮ್ಮೆಗಳಿಗಾಗಿ ನಿಲ್ಲಿಸಿದರೆ ಇಂಜಿನ್ನು ಕಿರುಚತೊಡಗಿತು. ನಿಂತಾಗ ಇಂಜಿನ್ನು ಸಾಯಲೂ ಬಾರದು, ಅರಚಲೂ ಬಾರದು, ಮೆಲ್ಲಗೆ ಉಸಿರಾಡುತ್ತಿರಬೇಕು. ಅದಕ್ಕೊಂದು ತಿರುಪಿದೆ. ನಾನು ಬೆಳಿಗ್ಗೆ ಅಂಗಳದಲ್ಲಿ, ಇಂಜಿನ್ನು ತಣ್ಣಗಿದ್ದಾಗಲೇ ಅದನ್ನು ಹೊಂದಿಸಿದ್ದೆ. ತಣ್ಣಗಿದ್ದಾಗ ಕಂಡ ಗುಣವನ್ನು ನಂಬಿ ಬಿಸಿಯಾದಾಗ ಮೋಸಹೋಗುವುದು ಗಾಡಿಯ ವಿಷಯದಲ್ಲಷ್ಟೇ ಅಲ್ಲ, ಎಷ್ಟೋ ಮದುವೆಗಳಲ್ಲೂ ನಡೆದಿದೆ.

ಬಿಣಗಾ ಘಟ್ಟದಲ್ಲಿ ನಿಜವಾದ ಪಜೀತಿ ಶುರುವಾಯಿತು. ಇಂಜಿನ್ನು ಆರ್ಭಟಿಸುತ್ತದೆ, ಗಾಡಿ ತೆವಳುತ್ತದೆ. ಪೆಟ್ರೋಲು ಇನ್ನಷ್ಟು ಕೊಟ್ಟರೆ ಆರ್ಭಟ ಹೆಚ್ಚಿತೇ ಹೊರತು ಓಟವಲ್ಲ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಕ್ಲಚ್ಚು ಜಾರುತ್ತಿದೆ, ಅನುಮಾನವೇ ಇಲ್ಲ. ಅದರ ತಂತಿ ಬಿಗಿಯಾಗಿದ್ದರೆ ಹಾಗಾಗುತ್ತದೆಂದು ಇಳಿದು ಅದನ್ನು ಸಡಿಲಿಸಿದೆ. ಏನೂ ಆಗಲಿಲ್ಲ. ಇನ್ನೂ ಸಡಿಲಿಸಿದೆ. ಹಾಗೇ ಇತ್ತು. ಕಾರವಾರ ಇರುವುದು ಘಟ್ಟದ ಆಚೆ, ಬಿಸಿಲು ಏರುತ್ತಿದೆ. ನಾನು ವೈದ್ಯನ ಗತ್ತಿನಲ್ಲಿ ಸ್ಪ್ರಿಂಗು, ಗೇರು ಎಂದು ಬಡಬಡಿಸುತ್ತಿದ್ದೆ.

ಅಕ್ಕ ಮೂಗರಳಿಸಿದಳು. "ಬಂಗಡೆ ಮೀನು ಸೀದ ವಾಸ್ನೆ ಬರ್ತದಲ್ಲಾ."

ಈ ಮಾತಿಗೆ ನಗು ಬಂದರೂ ಕ್ಲಚ್ಚಿನ ಮುಚ್ಚಳ ಬಿಚ್ಚಿದೆ. ಒಳಗಿನ ಬಿಲ್ಲೆಗಳೆಲ್ಲ ಮೀನೆಣ್ಣೆಯಲ್ಲಿ ಮಿಂದಿದ್ದವು. ತಕ್ಷಣ ನೆನಪಾಯಿತು. ನಮ್ಮ ನೆರೆಯ ಮೀನುಗಾರ ವಿಠೋಬ ಹಿಂದಿನ ಸಂಜೆ ಹೆಮ್ಮೆಯಿಂದ ಹೇಳಿದ್ದ: "ಉಪ್ಪುಗಾಳಿ ಗಾಡಿ ತಿಂದುಬಿಡ್ತದೆ. ನನ್ನ ದೋಣಿಗೆ ಮೀನೆಣ್ಣೆ ಹಚ್ಚೂವಾಗ ಇದಕ್ಕೂ ಹಚ್ಚಿದೆ, ಒಂದು ಸಂದು ಬಿಡಲಿಲ್ಲ." ಕಡಲತಡಿಯವರ ಪ್ರೀತಿಯೇ ಹಾಗೆ. ದೋಣಿ, ಬೀಗ, ಬಾವಿಯ ಗಡಗಡೆ, ಯಾವುದಕ್ಕೂ ಎಣ್ಣೆ ಕಂಡರೆ ಆಯುಸ್ಸು. ಉಜ್ಜಿ ಹಿಡಿಯುವುದೇ ಕೆಲಸವಾಗಿರುವ ವಸ್ತುವೂ ಒಂದಿದೆಯೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು?

ಪೆಟ್ರೋಲಿನಲ್ಲಿ ಒರೆಸಿದೆ. ಬಿಲ್ಲೆಗಳಿಗೆ ಹಿಡಿತಕ್ಕೆಂದು ಕೂರಿಸಿದ್ದ ಬೆಂಡಿನ ತುಂಡುಗಳೊಳಗೆ ಇಳಿದ ಎಣ್ಣೆ ಮತ್ತೆ ಜಿನುಗಿತು. ನಾನು ಕಲ್ಲಿನ ಮೇಲೆ ಕುಸಿದು ಕೂತೆ. ಅಕ್ಕ ಮಾತ್ರ ಹತ್ತಿರದ ಮನೆಯೊಂದಕ್ಕೆ ಓಡಿ, ತೆಂಗಿನ ಗರಟೆ ತುಂಬ ಒಲೆಯ ಬೂದಿ ತಂದಳು.

"ಜಾರೂ ಮೀನ ಎಂತದ್ರಲ್ಲಿ ಹಿಡೀತ್ರು? ಬೂದಿ ಹಾಕು."

ಜರಡಿ ಹಿಡಿದಷ್ಟು ನುಣುಪಾದ ಬೂದಿಯನ್ನು ಇಬ್ಬರೂ ಸೇರಿ ಉಜ್ಜಿ, ಕೊಡವಿ, ಮುಚ್ಚಳ ಬಿಗಿದೆವು. ಕ್ಲಚ್ಚು ಬಿಟ್ಟದ್ದೇ ತಡ, ಗಾಡಿ ಎಷ್ಟು ಜೋರಾಗಿ ಎಗರಿತೆಂದರೆ ಅಕ್ಕ ನನ್ನ ಕೋಟಿನ ಕಾಲರು ಹಿಡಿದು ನೇತಾಡಿದಳು. ಘಟ್ಟ ಹತ್ತಿದೆವು. ನಾನು ಕೂಗಿದೆನೋ ಇಂಜಿನ್ನು ಕೂಗಿತೋ ತಿಳಿಯದು, ಅಂಥ ಖುಷಿ.

ಕಚೇರಿ ಮುಟ್ಟಿದಾಗ ಅವಳ ಹೆಸರನ್ನೇ ಕರೆಯುತ್ತಿದ್ದರು. ಮೊಣಕೈವರೆಗೆ ಬೂದಿ ಮೆತ್ತಿಕೊಂಡು ಅಕ್ಕ ಒಳಗೆ ಹೋದಳು. ಕಿಟಕಿಯ ಕೆಳಗೆ ನಿಂತ ನಾನು, ಇಂಜಿನ್ನು ಬಿಸಿಯಿರುವಾಗಲೇ ಆಗಲಿ ಎಂದು ತಿರುಪಿಗೆ ಕೈ ಹಾಕಿದೆ. ಒಂದು ಸುತ್ತು ಹೆಚ್ಚಾದರೆ ಅರಚಾಟ, ಕಡಿಮೆಯಾದರೆ ಬಿಕ್ಕಳಿಕೆ. ಕೊನೆಗೆ ಡುಬು ಡುಬು ಎಂದು ಮೆತ್ತಗೆ ಉಸಿರಾಡತೊಡಗಿತು. ಆಗಲೇ ಒಳಗಿನ ಮಾತು ಕಿವಿಗೆ ಬಿದ್ದದ್ದು.

"ಕೆಲಸ ಇರುವುದು ನಿಮ್ಮ ಅಂಕೋಲೆಯ ಹತ್ತಿರದ ಬೆಳಂಬಾರದಲ್ಲಿ. ಒಬ್ಬಳೇ ಹೆಂಗಸು ಓಡಾಡಿದರೆ ಜನ ಏನಾದರೂ ಆಡಿಕೊಳ್ಳುವುದಿಲ್ಲವೇ?" ಎಂದರು ಸಾಹೇಬರು.

ನಾನು ತಿರುಪು ಬಿಟ್ಟು ಕಿಟಕಿಗೆ ಕಿವಿಯಿಟ್ಟೆ. ಅಕ್ಕನ ದನಿ ನಡುಗಲಿಲ್ಲ.

"ಅಂಕೋಲೆಯಿಂದ ಇಲ್ಲೀವರೆಗೆ ತಮ್ಮನ ಫಟಫಟಿ ಮೇಲೆ ಬಂದೆ ಸಾಹೇಬ್ರೆ. ಆಡೂಕಿದ್ದದ್ದೆಲ್ಲ ಮಂದಿ ಇವತ್ತೇ ಆಡಿ ಮುಗಿಸ್ತ್ರು. ನಾ ಕೆಲಸಕ್ಕೆ ಹೋಗೂವರೆಗೆ ಹೊಸತೆಂತಾ ಉಳೀತದೆ?"

ಒಳಗೆ ಯಾರೋ ಗಟ್ಟಿಯಾಗಿ ನಕ್ಕರು. ಸ್ವಲ್ಪ ಹೊತ್ತಿಗೆ ಅಕ್ಕ ನೇಮಕದ ಕಾಗದ ಹಿಡಿದು ಹೊರಬಂದಳು. ನನಗೆ ಕುಣಿಯುವುದೊಂದು ಬಾಕಿ.

"ಮನೆಗೆ ಹೋಗೂದಾ ಅಕ್ಕಾ?"

"ಮನೆಗೆ ಆಮೇಲೆ," ಎಂದು ಹತ್ತಿ ಕೂತಳು. "ಮೊದ್ಲು ಬೆಳಂಬಾರ. ಅಲ್ಲಿಯವ್ರು ಆಡೂದೂ ಇವತ್ತೇ ಮುಗದುಹೋಗ್ಲಿ."