ಹೆಮ್ಮಿಗೆಯ ಪಿಕಪ್‌ಗೆ ರೀಮ್ಯಾಪೋ, ಟ್ಯೂನಿಂಗ್ ಬಾಕ್ಸೋ?

2023ರ ಫೆಬ್ರುವರಿ. ನಂಜನಗೂಡಿನ ಗುಂಡ್ಲುಪೇಟೆ ರಸ್ತೆಯಲ್ಲಿ ನಾನು ಸ್ವಂತ ಶೆಡ್ಡು ಹಾಕಿ ನಾಲ್ಕನೇ ವರ್ಷ. ಬೋರ್ಡಿನ ಮೇಲೆ ‘ಡೀಸೆಲ್ ಇಂಜಿನ್ ಡಯಾಗ್ನೋಸ್ಟಿಕ್ಸ್’ ಎಂದು ಬರೆಸಿದ್ದೆ. ಅದನ್ನು ಓದಲು ಕಷ್ಟವಾಗಿ ಜನ ‘ಕಂಪ್ಯೂಟರ್ ಗ್ಯಾರೇಜು’ ಎನ್ನುತ್ತಿದ್ದರು. ತಗಡೂರಿನ ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿದವರಲ್ಲ. ಡಿಪ್ಲೊಮಾ ಮುಗಿಸಿ, ಎರಡು ವರ್ಷ ವರ್ಕ್‌ಶಾಪಿನಲ್ಲಿ ದುಡಿದು, ಆಮೇಲೆ ಬಿ.ಇ. ಮಾಡಿದೆ. ಡಿಗ್ರಿ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಶೆಡ್ಡಿನಲ್ಲೇ ತೂಗು ಹಾಕಿದ್ದೇನೆ. ಗ್ರೀಸಿನ ಕೈ ತಾಗಬಾರದೆಂದು ಸ್ವಲ್ಪ ಎತ್ತರದಲ್ಲಿದೆ, ಅಷ್ಟೇ.

ಒಂದು ಬುಧವಾರ ಬೆಳಿಗ್ಗೆ ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಿಂದ ಅಣ್ಣ ತಮ್ಮ ಇಬ್ಬರು ಬಿಳಿ ಪಿಕಪ್ಪು ತಂದು ನಿಲ್ಲಿಸಿದರು. ಅಣ್ಣ ಮಾದಪ್ಪ, ನಲವತ್ತೈದರ ಆಳು, ಬೇಸಾಯಗಾರ. ತಮ್ಮ ಕುಮಾರ ಗಾಡಿ ಓಡಿಸುವವನು. ಗಾಡಿಗೆ ಎರಡೇ ವರ್ಷ, ವಾರಂಟಿ ಇನ್ನೂ ಒಂದು ವರ್ಷ ಬಾಕಿ. ಮಾದಪ್ಪ ಒಳಗೆ ಬಂದವನೇ ಸರ್ಟಿಫಿಕೇಟಿನ ಕಡೆ ಕತ್ತೆತ್ತಿ ನೋಡಿದ.

“ಇಂಜಿನಿಯರ್ ಓದ್ಬುಟ್ಟು ಗ್ಯಾರೇಜ್ ಮಡಗಿದೀರಾ ಸಾ? ಸರ್ಕಾರಿ ಕೆಲ್ಸ ಸಿಗನಿಲ್ವಾ?”

“ಸಿಕ್ಕಿದ್ರೆ ನಿಮ್ ಗಾಡಿ ಯಾರ್ ನೋಡ್ತಿದ್ರು ಮಾದಪ್ಪಣ್ಣ?” ಎಂದೆ. ನಕ್ಕು ಕೂತ.

ಅವರ ಕಷ್ಟ ಇಷ್ಟು. ಊಟಿಯ ಒಬ್ಬ ಸಗಟು ವ್ಯಾಪಾರಿಗೆ ಬಾಳೆಎಲೆ, ಬಾಳೆಕಾಯಿ, ತೆಂಗಿನಕಾಯಿ ಒಯ್ಯುವ ಕೆಲಸ ಸಿಕ್ಕಿತ್ತು. ವಾರಕ್ಕೆ ಮೂರು ಟ್ರಿಪ್ಪು, ವರ್ಷಪೂರ್ತಿ. ಬಂಡೀಪುರದ ಗೇಟು ರಾತ್ರಿ ಮುಚ್ಚಿರುತ್ತದೆ, ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಅಲ್ಲಿಂದ ಗೂಡಲೂರು ಘಾಟಿ ಹತ್ತಿ ಹತ್ತು ಗಂಟೆಯೊಳಗೆ ಊಟಿ ಸೇರಬೇಕು. ತಡವಾದರೆ ಹೋಟೆಲಿನವರು ಬೇರೆ ಕಡೆ ಎಲೆ ಕೊಂಡುಬಿಡುತ್ತಾರೆ. ಕಳೆದ ಟ್ರಿಪ್ಪಿನಲ್ಲಿ ಘಾಟಿಯಲ್ಲಿ ಗಾಡಿ ಏದುಸಿರು ಬಿಟ್ಟು, ತಲುಪುವಾಗ ಹನ್ನೊಂದೂವರೆ. ವ್ಯಾಪಾರಿ ಶುಕ್ರವಾರ ಇನ್ನೊಂದು ಅವಕಾಶ ಕೊಟ್ಟಿದ್ದ. ಅದೂ ತಪ್ಪಿದರೆ ಕೆಲಸ ಬೇರೆ ಗಾಡಿಗೆ.

“ಶೋರೂಮಲ್ಲಿ ನೋಡುದ್ರು ಸಾ,” ಎಂದ ಕುಮಾರ. “ಫಿಲ್ಟರ್ ಬದ್ಲಾಯ್ಸಿ, ಒಂದ್ ರೌಂಡ್ ಹೊಡ್ದು, ಗಾಡಿ ಚೆನ್ನಾಗೈತೆ ಅಂದ್ರು. ಗಾಡಿ ಚೆನ್ನಾಗೇ ಐತೆ, ಘಾಟಿ ಅತ್ತಾಕಿಲ್ಲ ಅಷ್ಟೆ. ಅದುಕ್ಕೇ ಇದ ತಂದಿವ್ನಿ.” ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದೇ ಟ್ಯೂನಿಂಗ್ ಬಾಕ್ಸು. ಸ್ನೇಹಿತನಿಂದ ಎರವಲು ತಂದಿದ್ದ.

“ಅಂಟಿಸ್ಕಂಡು ತಿರ್ಗದ್ಯಾಕ್ಲಾ?” ಎಂದ ಮಾದಪ್ಪ. “ಮಾಡ್ಸುದ್ರೆ ಬೇರಿಂದ ಮಾಡ್ಸನ. ರೀಮ್ಯಾಪು ಅಂತಾರಲ್ಲ ಸಾ, ಅದ ಮಾಡಿ.”

“ರೀಮ್ಯಾಪ್ ಮಾಡುದ್ರೆ ವಾರಂಟಿ ಒಯ್ತದೆ ಕಣಣ್ಣ! ಇದಾದ್ರೆ ಸರ್ವೀಸ್ ಟೈಮಲ್ಲಿ ಕಿತ್ತು ಜೇಬಿಗಾಕ್ಕಳದು. ಅವ್ರಪ್ಪನ್ಗೂ ಗೊತ್ತಾಗಾಕಿಲ್ಲ.”

“ಕದ್ದು ತಿನ್ನ ಬುದ್ಧಿ ಬುಡಾಕಿಲ್ಲ ನೀನು.”

ಇಬ್ಬರ ಮಾತಿನಲ್ಲೂ ಅರ್ಧ ನಿಜ ಇತ್ತು. ಈಗಿನ ಡೀಸೆಲ್ ಇಂಜಿನ್ನಿಗೆ ಎಷ್ಟು ಎಣ್ಣೆ, ಅಂದರೆ ಡೀಸೆಲ್, ಯಾವ ಗಳಿಗೆಯಲ್ಲಿ, ಎಷ್ಟು ಒತ್ತಡದಲ್ಲಿ ಹೋಗಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರು. ಅದರೊಳಗಿನ ಲೆಕ್ಕವನ್ನೇ ತಿದ್ದಿ ಬರೆಯುವುದು ರೀಮ್ಯಾಪು. ಎಣ್ಣೆ, ಗಾಳಿ, ಶಾಖದ ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಬಹುದು. ಆದರೆ ಕಂಪನಿಯವರಿಗೆ ಗೊತ್ತಾದರೆ ವಾರಂಟಿ ಹೋದ ಹಾಗೆಯೇ. ಟ್ಯೂನಿಂಗ್ ಬಾಕ್ಸು ಇಸಿಯುವನ್ನು ಮುಟ್ಟುವುದಿಲ್ಲ. ಸೆನ್ಸರಿಗೂ ಇಸಿಯುಗೂ ನಡುವೆ ಕೂತು ಸುಳ್ಳು ಹೇಳುತ್ತದೆ: ‘ಎಣ್ಣೆಯ ಒತ್ತಡ ಕಡಿಮೆ ಇದೆ.’ ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ, ಹೆಚ್ಚು ಎಣ್ಣೆ ಸುರಿಯುತ್ತದೆ. ಕಿತ್ತಿಡುವುದು ಸುಲಭವೇನೋ ಹೌದು. ಆದರೆ ಅದು ಉಳಿಸಿಹೋದ ಸವೆತವನ್ನು ಯಾರೂ ಕಿತ್ತಿಡಲಾರರು.

ನಾನು ಎರಡಕ್ಕೂ ಒಪ್ಪಲಿಲ್ಲ. “ನಾಳೆ ಲೋಡ್ ಹಾಕ್ಕೊಂಡು ಬನ್ನಿ,” ಎಂದೆ. “ಶುಕ್ರವಾರ ಎಷ್ಟು ಹಾಕ್ತೀರೋ ಅಷ್ಟೇ ತೂಕ.”

“ನಾಳಿದ್ದು ಟ್ರಿಪ್ಪು ಸಾ!” ಕುಮಾರನ ಧ್ವನಿ ಏರಿತು. “ಡಬ್ಬಿ ಸಿಕ್ಸಾಕೆ ಅರ್ಧ ಗಂಟೆ ಸಾಕು. ಟೈಮ್ ವೇಸ್ಟ್ ಯಾಕೆ?”

“ಎತ್ತು ಯಾಕೆ ಮಲಗ್ತು ಅಂತ ನೋಡದೆ ಬಾರುಕೋಲು ಉದ್ದ ಮಾಡ್ತಾರೇನಪ್ಪ?”

ಮಾದಪ್ಪನಿಗೆ ಆ ಮಾತು ನಾಟಿತು. ತಮ್ಮನ ತೋಳು ಹಿಡಿದು ಎಬ್ಬಿಸಿದ. “ನಡೀಲಾ. ಕಾಯಿ ತುಂಬ್ಕಂಡು ಬರನ.”

ಗುರುವಾರ ಒಂಬತ್ತಕ್ಕೆಲ್ಲ ತೆಂಗಿನಕಾಯಿ ಮೂಟೆ ತುಂಬಿಕೊಂಡು ಬಂದರು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಕೇಬಲು ಚುಚ್ಚಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕುಮಾರನ ಪಕ್ಕ ಕೂತೆ. ಮಾದಪ್ಪ ಬಾಗಿಲ ಬದಿಗೆ ಒತ್ತರಿಸಿಕೊಂಡ. ಬೇಗೂರು ದಾಟಿದ ಮೇಲೆ ಒಂದು ಉದ್ದನೆಯ ಏರು ಇದೆ. ನನ್ನ ಪರೀಕ್ಷೆಯೆಲ್ಲ ಅಲ್ಲೇ.

ಏರಿನ ಮೊದಲ ಅರ್ಧ ಗಾಡಿ ಚೆನ್ನಾಗಿಯೇ ಎಳೆಯಿತು. ಆಮೇಲೆ ಸೊಂಟ ಬಿದ್ದಂತೆ ಕುಗ್ಗಿತು. ಕುಮಾರ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದ. ವೇಗ ಮೂವತ್ತು.

“ನೋಡುದ್ರಾ ಸಾ, ಇಂಗೇಯ!”

ನಾನು ನೋಡುತ್ತಿದ್ದದ್ದು ಸ್ಕ್ರೀನು. ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ನಲವತ್ತಾರರಿಂದ ಏರುತ್ತಾ ಏರುತ್ತಾ ತೊಂಬತ್ತೆರಡು ಡಿಗ್ರಿ ಮುಟ್ಟಿತ್ತು. ಅದು ಏರಿದಂತೆಲ್ಲ ಇಸಿಯು ಎಣ್ಣೆಯನ್ನು ಕಡಿಮೆ ಮಾಡುತ್ತಾ ಬಂದಿತ್ತು. ಇಂಜಿನ್ನಿಗೆ ಶಕ್ತಿ ಕಡಿಮೆಯಾಗಿರಲಿಲ್ಲ. ತಾನು ಸುಟ್ಟುಹೋಗಬಾರದೆಂದು ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತಿತ್ತು! ಇದು ದೋಷವಲ್ಲ, ರಕ್ಷಣೆ. ಹಾಗಾಗಿ ಎಚ್ಚರಿಕೆಯ ದೀಪ ಉರಿಯುವುದಿಲ್ಲ. ಖಾಲಿ ಗಾಡಿಯಲ್ಲಿ ಎಷ್ಟು ರೌಂಡು ಹೊಡೆದರೂ ಕಾಣುವುದಿಲ್ಲ.

“ನಿಲ್ಸು, ನಿಲ್ಸು! ಪಕ್ಕಕ್ಕೆ ಹಾಕು!” ಎಂದು ಕೂಗಿದೆ.

“ಏನಾಯ್ತು ಸಾ? ಬೆಂಕಿ ಗಿಂಕಿನಾ?” ಮಾದಪ್ಪ ಬಾಗಿಲು ತೆಗೆದು ನೆಗೆದೇಬಿಟ್ಟ.

ಆ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗಕ್ಕೆ ಇಂಟರ್‌ಕೂಲರ್ ಎಂದು ಹೆಸರು. ಈ ಗಾಡಿಯಲ್ಲಿ ಅದು ಇಂಜಿನ್ನಿನ ನೆತ್ತಿಯ ಮೇಲೆ ಮಲಗಿದೆ. ಬಾನೆಟ್ಟಿನ ಮೇಲಿರುವ ಮೂಗಿನಂಥ ಕಿಂಡಿಯಿಂದ ಅದಕ್ಕೆ ಗಾಳಿ ಇಳಿಯುತ್ತದೆ. ನೀರು ತಂಪು ಮಾಡುವ ರೇಡಿಯೇಟರ್ ಬೇರೆಯೇ ಇರುವುದರಿಂದ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಅಲುಗಿರಲೇ ಇಲ್ಲ. ಇಂಜಿನ್ ಆರುವವರೆಗೆ ಕಾದು, ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗೆ ಲೋಹದ ಜಾಲರಿಯೇ ಕಾಣಲಿಲ್ಲ. ಕಂದು ಬಣ್ಣದ ಹಾಸಿಗೆ ಹಾಸಿದ ಹಾಗಿತ್ತು. ಬೆರಳು ಹಾಕಿ ಎಳೆದರೆ ರೊಟ್ಟಿಯಂತೆ ಒಂದು ಪದರ ಎದ್ದು ಬಂತು. ಹೊಟ್ಟು. ನಡುವೆ ಅಲ್ಲೊಂದು ಇಲ್ಲೊಂದು ಕಾಳು.

ಮಾದಪ್ಪ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಚ್ಚಿ ನೋಡಿದ. ಕಣ್ಣು ಅರಳಿತು.

“ಲೇ ಕುಮಾರ, ನಮ್ಮೂರ್ ಉಳ್ಳಿ ಕಣ್ಲಾ!”

ಆಮೇಲೆ ಎಲ್ಲ ಹೊರಗೆ ಬಂತು. ಜನವರಿಯಲ್ಲಿ ಉಳ್ಳಿ, ಅಂದರೆ ಹುರುಳಿ ಒಕ್ಕಣೆ. ಕಣದಲ್ಲಿ ಹುರುಳಿ ಗಿಡ ಹರಡಿ ಅದರ ಮೇಲೆ ಗಾಡಿ ಸುತ್ತಿಸುತ್ತಾರೆ. ಟ್ರ್ಯಾಕ್ಟರಿನ ಟೈರಿಗೆ ಕಾಳು ಒಡೆಯುತ್ತದೆ, ಪಿಕಪ್ಪಿನ ಟೈರಾದರೆ ಸಿಪ್ಪೆ ಬಿಡಿಸಿ ಕಾಳು ಉಳಿಸುತ್ತದೆ ಎಂದು ಊರವರು ಕಂಡುಕೊಂಡಿದ್ದರು. ಸರಿ, ಹೊಸ ಗಾಡಿಗೆ ಎಲ್ಲಿಲ್ಲದ ಮರ್ಯಾದೆ. ಮಾದಪ್ಪ ಯಾರಿಗೂ ಇಲ್ಲ ಎಂದವನಲ್ಲ. ಒಂದನೇ ಗೇರಿನಲ್ಲಿ, ದೂಳಿನ ಮೋಡದ ನಡುವೆ, ಕಣದಿಂದ ಕಣಕ್ಕೆ ಗಾಡಿ ಗಾಣದೆತ್ತಿನಂತೆ ಸುತ್ತಿತ್ತು. ಎದ್ದ ಹೊಟ್ಟು ಎಲ್ಲ ಬಾನೆಟ್ಟಿನ ಆ ಮೂಗಿನೊಳಗೆ.

“ಊರ್‌ಗೆಲ್ಲ ಉಪ್ಕಾರ ಮಾಡಕ್ಕೋಗಿ ನನ್ ಗಾಡಿ ಮೂಗ್ ಕಟ್ಸವ್ನೆ ನೋಡಿ ಸಾ,” ಎಂದ ಕುಮಾರ.

“ಸುತ್ತಿದ್ದು ನೀನೇ ಅಲ್ವಲಾ? ಆಗ ಸ್ಟೀರಿಂಗ್ ಇಡ್ಕಂಡು ಈರೋ ತರ ಕೂತಿದ್ದೆ!”

ಶೆಡ್ಡಿಗೆ ವಾಪಸು ತಂದು ಇಂಟರ್‌ಕೂಲರ್ ಬಿಚ್ಚಿದೆ. ಜಾಲರಿಯ ಹಲ್ಲು ಬಾಗದಂತೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು, ಗಾಳಿ ಹೊಡೆದು, ಒಣಗಿಸಿ ಕೂರಿಸಿದೆ. ಮಧ್ಯಾಹ್ನ ಮತ್ತೆ ಅದೇ ಏರು, ಅದೇ ಮೂಟೆಗಳು. ಮೂವರೂ ಸ್ಕ್ರೀನಿನ ಕಡೆಗೇ ಬಗ್ಗಿದ್ದೆವು.

“ರಸ್ತೆ ನೋಡ್ಲಾ ಮುಂಡೇದೆ!” ಎಂದು ಮಾದಪ್ಪ ತಮ್ಮನ ತಲೆಗೆ ಮೊಟಕಿದ.

ಉಷ್ಣತೆ ಐವತ್ತು, ಐವತ್ತೈದು, ಐವತ್ತೇಳು. ಅಲ್ಲೇ ನಿಂತಿತು. ಗಾಡಿ ಮೂರನೇ ಗೇರಿನಲ್ಲೇ ನಲವತ್ತೆಂಟರ ವೇಗದಲ್ಲಿ ಏರಿನ ನೆತ್ತಿ ದಾಟಿತು. ಕುಮಾರ ಹಾರನ್ನು ಒತ್ತಿ ಹಿಡಿದ. ಎದುರು ಬರುತ್ತಿದ್ದ ಬಸ್ಸಿನ ಡ್ರೈವರು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು.

“ಈಗ ಡಬ್ಬಿನೂ ಸಿಕ್ಸ್‌ಬುಟ್ರೆ ರಾಕೆಟ್ಟೇ ಸಾ!” ಎಂದ.

“ನಿನ್ನೆ ಸಿಕ್ಕಿಸಿದ್ದರೆ ಏನಾಗ್ತಿತ್ತು ಗೊತ್ತಾ?” ಎಂದೆ. “ಮೂಗು ಕಟ್ಟಿದ ಇಂಜಿನ್ನಿಗೆ ಇನ್ನೂ ಎಣ್ಣೆ. ಕರೀ ಹೊಗೆ, ಅತಿ ಬಿಸಿ, ಕೊನೆಗೆ ಟರ್ಬೊನೋ ಪಿಸ್ಟನ್ನೋ ಘಾಟಿಯಲ್ಲೇ ಹೋಗ್ತಿತ್ತು. ವಾರಂಟಿ ಇರೋವರೆಗೆ ಬಾಕ್ಸೂ ಬೇಡ, ರೀಮ್ಯಾಪೂ ಬೇಡ. ಹೀಗೇ ಹೋಗು.”

ಶುಕ್ರವಾರ ಬೆಳಿಗ್ಗೆ ನನಗೆ ಬೇರೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಕೈಯಲ್ಲಿ ಸ್ಪ್ಯಾನರು, ಕಿವಿ ಫೋನಿನ ಕಡೆ. ಒಂಬತ್ತೂಕಾಲಿಗೆ ರಿಂಗಾಯಿತು. ಮಾತನಾಡಿದವನು ಮಾದಪ್ಪ. ಮನೆಯಲ್ಲಿ ಇರಲಾರದೆ ಅವನೂ ಹೋಗಿದ್ದ.

“ಸಾ, ಊಟಿ! ಎಲೆ ಕಟ್ಟು ಇಳಿಸ್ತಾವ್ರೆ. ಇನ್ನೂ ತೇವ ಆರಿಲ್ಲ! ಸೋಮವಾರ್‌ದಿಂದ ಬನ್ನಿ ಅಂದವ್ನೆ ಸಾವ್ಕಾರ. ಚಳಿ ಸಾ ಇಲ್ಲಿ, ಬೆಡ್‌ಶೀಟ್ ತರ್ಬೇಕಿತ್ತು!”

ನಾನು ಶೆಡ್ಡಿನಲ್ಲಿ ಒಬ್ಬನೇ ನಿಂತು ಚಪ್ಪಾಳೆ ಹೊಡೆದುಬಿಟ್ಟೆ.

ಮಾರನೇ ವರ್ಷ ವಾರಂಟಿ ಮುಗಿದ ಮೇಲೆ ಕುಮಾರ ಮತ್ತೆ ಬಂದ. ಈ ಸಲ ಜೇಬಿನಲ್ಲಿ ಡಬ್ಬಿ ಇರಲಿಲ್ಲ. ರೀಮ್ಯಾಪೇ ಬೇಕೆಂದ. ಇಸಿಯುಗೆ ಸುಳ್ಳು ಹೇಳುವ ಡಬ್ಬಿಗಿಂತ ಅದರ ಲೆಕ್ಕವನ್ನೇ ತಿದ್ದುವುದು ಮೇಲು ಎಂಬ ಕಾರಣಕ್ಕೆ ನಾನೂ ಒಪ್ಪಿದೆ. ಶಾಖದ ಮಿತಿಯೊಂದನ್ನೂ ಮುಟ್ಟದೆ, ಏರಿನಲ್ಲಿ ಸಲೀಸಾಗುವಷ್ಟು ಮಾತ್ರ. ಲ್ಯಾಪ್‌ಟಾಪು ತೆರೆಯುವ ಮುಂಚೆ ನಾನು ಬಾಯಿ ಬಿಡುವಷ್ಟರಲ್ಲಿ ಅವನೇ ಬಾನೆಟ್ಟು ಎತ್ತಿದ. ಇಂಟರ್‌ಕೂಲರ್ ಕನ್ನಡಿಯಂತಿತ್ತು.

“ಒಕ್ಕಣೆಗೋಗುವಾಗ ಮೂಗ್ಗೆ ಗೋಣಿತಾಟು ಕಟ್ತೀವಿ ಸಾ, ಘಾಟಿಗೋಗುವಾಗ ಬಿಚ್ತೀವಿ,” ಎಂದ. “ಲೋಡ್ ಹಾಕ್ಕೊಂಡೇ ಬಂದಿವ್ನಿ. ಮೊದ್ಲು ಏರಿಗೆ ಓಗನ, ಆಮೇಲೆ ನಿಮ್ ಕಂಪ್ಯೂಟ್ರು.”

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದೂ ಅದೇ. ಹೆಚ್ಚು ಶಕ್ತಿ ಬೇಕೆಂದು ಗಾಡಿ ಬಂದಾಗ, ಇದ್ದ ಶಕ್ತಿ ಎಲ್ಲಿ ನಿಂತಿದೆ ಎಂದು ಮೊದಲು ಹುಡುಕಬೇಕು, ಅದೂ ಭಾರ ಹೊತ್ತಿರುವಾಗ. ಅದನ್ನು ಅವನ ಬಾಯಲ್ಲಿ ಕೇಳಿ, ಕೇಬಲು ಹೆಗಲಿಗೆ ಹಾಕಿಕೊಂಡು ಹತ್ತಿ ಕೂತೆ.